ಹಳೇ ಫ್ರೇಮಿಗೆ ಏಳು ಗೇರು

18 ಜನವರಿ 1999, ಸೋಮವಾರ. ಒಂಬತ್ತನೆಯ ದಿನ

ಎಂಟು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ನಿನ್ನೆ ಮನೆಗೆ ಕಳಿಸಿದರು. ಹೊರಡುವಾಗ ಡಾಕ್ಟರು ಈ ನೋಟುಪುಸ್ತಕ ಕೊಟ್ಟು, ಕುಡಿಯದ ದಿನ ಎಷ್ಟಾಯಿತು ಅಂತ ಮೇಲೆ ಹಾಕಿ, ಕೆಳಗೆ ತೋಚಿದ್ದು ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ ಅಂದರು. ನನಗೆ ತೋಚುವುದು ಒಂದೇ. ಅದನ್ನು ಬರೆಯುತ್ತ ಕೂತರೆ ಬಾಯಾರುತ್ತದೆ.

ಆದದ್ದನ್ನು ಬರೆದುಬಿಡುತ್ತೇನೆ. ಡಿಸೆಂಬರ್ ಹನ್ನೆರಡನೇ ತಾರೀಖು ಶನಿವಾರ ಸಂಜೆ ಕುಡಿದಿದ್ದೆ. ಹೆಂಡತಿ ಮಂಗಳಾ ಬೇಡ ಅಂದರೂ ಮಗಳು ಧನುಶ್ರೀಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಐಸ್‌ಕ್ರೀಮ್ ಕೊಡಿಸಲು ಹೊರಟೆ. ತಿರುವಿನಲ್ಲಿ ಬಿದ್ದೆವು. ನನಗೆ ಒಂದು ಗೀರೂ ಆಗಲಿಲ್ಲ. ಎಂಟು ವರ್ಷದ ಮಗುವಿನ ಎಡ ಮೊಣಕೈ ಮುರಿಯಿತು. ಮಂಗಳಾ ಅವಳನ್ನು ಕರೆದುಕೊಂಡು ಹಿನಕಲ್ಲಿನ ಅಣ್ಣನ ಮನೆಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ವಾಪಸ್ ಬರುತ್ತಾಳೆ ಅಂತ ಅಂದುಕೊಳ್ಳಬಹುದಿತ್ತು. ಆಮೇಲೆ ಒಂದು ತಿಂಗಳು ನಾನು ಇನ್ನೂ ಹೆಚ್ಚು ಕುಡಿದೆ.

ವರ್ಕ್‌ಶಾಪಿನಲ್ಲೂ ಜಾಗವಿಲ್ಲ. ಉಕ್ಕು ಕಡೆಯುವ ಲೇತಿನ ಮುಂದೆ ನಿಂತರೆ ಕೈ ನಡುಗುತ್ತದೆ. ಮಾಲೀಕರು ಚಿಕ್ಕಬಸವಯ್ಯನವರು, "ಕೈ ನಿಂತ ಮೇಲೆ ಬನ್ನಿ ಸ್ವಾಮಿ. ಬೆರಳು ಹೋದ್ರೆ ನಾನು ಹೊಣೆ ಆಗ್ತೀನಿ" ಅಂದಿದ್ದಾರೆ.

ಇವತ್ತು ಸಂಜೆ ಆರಕ್ಕೆ ಅಟ್ಟ ಹತ್ತಿದೆ. ಅಲ್ಲಿ ಯಾವತ್ತೋ ಒಂದು ಬಾಟಲಿ ಬಚ್ಚಿಟ್ಟ ನೆನಪು. ಬಾಟಲಿ ಸಿಕ್ಕಿತು, ಖಾಲಿ. ಅದರ ಹಿಂದೆ ಗೋಣಿತಾಟು ಹೊದ್ದು ನನ್ನ ರೇಸಿಂಗ್ ಸೈಕಲ್ ಮಲಗಿತ್ತು. ಆ ಹೊತ್ತಿನಲ್ಲಿ ಮನೆಯಿಂದ ಹೊರಗೆ ಹೋಗದಿರಲು ಏನಾದರೂ ಬೇಕಿತ್ತು. ಕೆಳಗೆ ಇಳಿಸಿಕೊಂಡೆ.

19 ಜನವರಿ, ಮಂಗಳವಾರ. ಹತ್ತನೆಯ ದಿನ

ಇಪ್ಪತ್ತೊಂದು ವರ್ಷದವನಿದ್ದಾಗ ಇದರಲ್ಲಿ ದಸರಾ ರೇಸಿಗೆ ಹೋಗಿ ಎರಡನೆಯವನಾಗಿ ಬಂದಿದ್ದೆ. ಈಗ ಉಕ್ಕಿನ ರಿಮ್ಮು ತುಕ್ಕು ಹಿಡಿದಿದೆ. ಐದು ಗೇರಿನಲ್ಲಿ ಎರಡು ಬೀಳುತ್ತವೆ. ಪೆಡಲಿನ ಕಾಲು ಲೊಟಗುಟ್ಟುತ್ತದೆ. ಫ್ರೇಮ್ ಮಾತ್ರ ಗಟ್ಟಿ. ಸೀಮೆಎಣ್ಣೆಯಲ್ಲಿ ತೊಳೆದೆ. ಕೈಗೆಲ್ಲ ಅದೇ ವಾಸನೆ. ಒಳ್ಳೆಯದೇ ಆಯಿತು, ಬೇರೆ ವಾಸನೆ ನೆನಪಿಗೆ ಬರುವುದಿಲ್ಲ.

23 ಜನವರಿ, ಶನಿವಾರ. ಹದಿನಾಲ್ಕನೆಯ ದಿನ

ಸೈಕಲ್ ತಳ್ಳಿಕೊಂಡು ಕುಂಬಾರಕೊಪ್ಪಲಿನಲ್ಲಿ ಗೋವಿಂದರಾಜು ಅವರ ಅಂಗಡಿಗೆ ಹೋದೆ. ರೇಸ್ ಓಡುತ್ತಿದ್ದ ಕಾಲದಲ್ಲಿ ನನ್ನ ಚಕ್ರದ ಬೆಂಡು ತೆಗೆಯುತ್ತಿದ್ದವರು ಅವರೇ. ಈಗ ಅರವತ್ತು ದಾಟಿದೆ, ಕನ್ನಡಕ ದಪ್ಪವಾಗಿದೆ. ನನ್ನ ಸುದ್ದಿಯೆಲ್ಲ ಅವರಿಗೆ ಗೊತ್ತು. ನಮ್ಮ ಕಡೆ ಗೊತ್ತಿಲ್ಲದವರು ಯಾರು?

"ಇದುನ್ನ ಇನ್ನೂ ಓಡುಸ್ಬೇಕು ಅಂತಿದ್ದೀಯಾ?" ಅಂದರು.

"ಓಡಿಸಬೇಕು ಗೋವಿಂದಣ್ಣ."

"ಬರೀ ಎಣ್ಣೆ ಬುಟ್ರೆ ಆಗಾಕಿಲ್ಲ ಕಣಪ್ಪ. ಈ ರಿಮ್ಮು ನೆಂದ್ರೆ ಬ್ರೇಕೇ ಹಿಡಿಯಲ್ಲ. ಫ್ರೇಮ್ ಒಂದು ಮಡಿಕೊ, ಮಿಕ್ಕಿದ್ದೆಲ್ಲ ತೆಗೆದು ಎಸಿ."

ಆಮೇಲೆ ಮೇಲೆ ತೋರಿಸಿದರು. ತೊಲೆಗೆ ಒಂದು ಸೈಕಲ್ ನೇತುಹಾಕಿತ್ತು. ಊಟಿಯಿಂದ ಇಳಿಯುವಾಗ ಲಾರಿಗೆ ಗುದ್ದಿದ ಜರ್ಮನಿಯವನೊಬ್ಬ ಎರಡು ವರ್ಷದ ಹಿಂದೆ ಬಿಟ್ಟುಹೋದದ್ದಂತೆ. ಫ್ರೇಮ್ ಮಡಿಚಿಹೋಗಿದೆ. ಆದರೆ ಅಲ್ಯೂಮಿನಿಯಂ ರಿಮ್ಮು, ಏಳು ಗೇರು, ಹಗುರವಾದ ಬ್ರೇಕು, ಎಲ್ಲ ಹಾಗೇ ಇವೆ.

"ತಕ್ಕೊ. ಬದಲಿಗೆ ದಿನಾ ಬೆಳಿಗ್ಗೆ ಬಂದು ನನ್ನ ಗಿರಾಕಿಗಳ ಚಕ್ರದ ಬೆಂಡ್ ತೆಗಿ. ನನಗೆ ಕಡ್ಡಿ ಸರಿಯಾಗಿ ಕಾಣಲ್ಲ ಈಗ."

"ಕೈ ನಡುಗ್ತದೆ ಗೋವಿಂದಣ್ಣ."

"ನನ್ನ ಕಣ್ಣೂ ಕಾಣಲ್ಲ ಅಂದ್ನಲ್ಲ."

27 ಜನವರಿ, ಬುಧವಾರ. ಹದಿನೆಂಟನೆಯ ದಿನ

ಜರ್ಮನಿಯವನ ಹಿಂದಿನ ಚಕ್ರ ಬಿಚ್ಚಿದೆ. ಚಕ್ರದ ನಡುವಿನ ಹಬ್ಬಿನೊಳಗೆ ಒಂದೊಂದು ಕಡೆಗೆ ಒಂಬತ್ತು ಉಕ್ಕಿನ ಗೋಲಿ. ಹೊಸ ಗ್ರೀಸ್ ಸವರಿ ಒಂದೊಂದಾಗಿ ಕೂರಿಸಬೇಕು. ಚಿಕ್ಕ ಮಕ್ಕಳೂ ಮಾಡುವ ಕೆಲಸ. ಮೂರನೆಯದು ಕೂರಿಸುವಾಗ ಮೊದಲನೆಯದು ಬೀಳುತ್ತದೆ. ಹತ್ತು ಗಂಟೆಗೆ ಶುರುಮಾಡಿದವನು ಒಂದು ಗಂಟೆಯ ತನಕ ನೆಲದ ಮೇಲೆ ಗೋಲಿ ಹುಡುಕುತ್ತ ಮಂಡಿಯೂರಿದ್ದೆ. ಕೊನೆಗೆ ಹಬ್ಬಿನ ಅಚ್ಚನ್ನೇ ಗೋಡೆಗೆ ಬೀಸಿದೆ. ಗೋವಿಂದಣ್ಣ ಎದ್ದುಹೋಗಿ ಎತ್ತಿಕೊಂಡು ಬಂದು, ಬಟ್ಟೆಯಲ್ಲಿ ಒರೆಸಿ ಮುಂದೆ ಇಟ್ಟರು.

ಹನ್ನೆರಡು ವರ್ಷ ಲೇತಿನಲ್ಲಿ ಕೂದಲೆಳೆಯಷ್ಟು ಉಕ್ಕು ಕೆರೆದ ಕೈ ಇದು. ಈಗ ಇದರಲ್ಲಿ ಒಂದು ಗೋಲಿ ನಿಲ್ಲುವುದಿಲ್ಲ. ಇಂಥ ಕೈಯನ್ನು ಇಟ್ಟುಕೊಂಡು ಮಾಡುವುದೇನು?

3 ಫೆಬ್ರವರಿ, ಬುಧವಾರ. ಇಪ್ಪತ್ತೈದನೆಯ ದಿನ

ಆರು ಗಂಟೆ. ಆರೂಕಾಲು. ಆರೂವರೆ. ಕಿಟಕಿ ಹಾಕಿದೆ. ಹೊರಗೆ ಯಾರೋ ನಕ್ಕಂತಾಯಿತು.

ಏಳು.

14 ಫೆಬ್ರವರಿ, ಭಾನುವಾರ. ಶಿವರಾತ್ರಿ. ಮೂವತ್ತಾರನೆಯ ದಿನ

ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಹಿನಕಲ್ಲಿಗೆ ನಡೆದುಕೊಂಡು ಹೋದೆ. ಗೇಟಿನಲ್ಲಿ ಮಂಗಳಾಳ ಅಣ್ಣ ಶಿವಕುಮಾರ್ ನಿಂತಿದ್ದರು. ಗೇಟು ತೆಗೆಯಲಿಲ್ಲ.

"ಮೂವತ್ತಾರು ದಿನ ಆಯ್ತು ಭಾವ. ಮಗೂನ ಒಂದ್ಸಲ ನೋಡ್ಕೊಂಡು ಹೋಗ್ತೀನಿ."

"ಹೋದ ವರ್ಷ ನಲವತ್ತು ದಿನ ಬಿಟ್ಟಿದ್ರಿ ಸ್ವಾಮಿ. ಅದರ ಹಿಂದಿನ ವರ್ಷ ಅಯ್ಯಪ್ಪನ ಮಾಲೆ ಹಾಕ್ಕೊಂಡು ಬಿಟ್ಟಿದ್ರಿ. ನಾವು ಎಷ್ಟು ಸಲ ನಂಬೋದು ಹೇಳಿ?"

ಅವರೇ ಮುಂದುವರಿಸಿದರು. "ಮಂಗಳಾ ನಂಜನಗೂಡಿಗೆ ವರ್ಗ ಕೇಳಿದ್ದಾಳೆ. ಜೂನಿಗೆ ಅಲ್ಲಿನ ಸ್ಕೂಲಲ್ಲಿ ಟೀಚರಾಗಿ ಸೇರ್ತಾಳೆ. ಧನೂನೂ ಅಲ್ಲೇ ಓದ್ತಾಳೆ. ಈಗ ಹೊರಡಿ, ಹಬ್ಬದ ದಿನ ಮಾತು ಬೇಡ."

ಕಿಟಕಿಯಲ್ಲಿ ಧನು ಕಂಡಳು. ಕಟ್ಟು ಬಿಚ್ಚಿದ್ದಾರೆ. ಕಿಟಕಿಯ ಸರಳು ಹಿಡಿಯಲು ಕೈ ಚಾಚಿದಳು. ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ನನ್ನನ್ನು ನೋಡಿ ಒಳಗೆ ಹೋದಳು.

ಜೂನ್ ಅಂದರೆ ಮೂರೂವರೆ ತಿಂಗಳು. ಅಷ್ಟರಲ್ಲಿ ಸೈಕಲ್ ಮುಗಿಸುತ್ತೇನೆ. ಹೊಸದರ ಹಾಗೆ ಮಾಡಿ ಅದರಲ್ಲೇ ಆ ಗೇಟಿನ ಮುಂದೆ ಹೋಗಿ ನಿಲ್ಲುತ್ತೇನೆ. ಈ ಕೈಯಲ್ಲಿ ಇಂಥದ್ದನ್ನು ಮಾಡಿದ್ದಾನೆ ಅಂದರೆ ಕುಡಿತ ಬಿಟ್ಟಿದ್ದಾನೆ ಅಂತ ಮಂಗಳಾಳಿಗೆ ಗೊತ್ತಾಗುತ್ತದೆ. ಗೊತ್ತಾಗಲೇಬೇಕು. ಬೇರೆ ದಾರಿ ನನಗೆ ಕಾಣುತ್ತಿಲ್ಲ.

24 ಫೆಬ್ರವರಿ, ಬುಧವಾರ. ನಲವತ್ತಾರನೆಯ ದಿನ

ಏಳು ಗೇರಿನ ಚಕ್ರ ಅಗಲ. ನನ್ನ ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಜಾಗ ಆರು ಮಿಲಿಮೀಟರ್ ಕಿರಿದು. ಎರಡು ಕಡೆಗೂ ಮೂರು ಮೂರು ಮಿಲಿಮೀಟರ್ ಅಗಲಿಸಬೇಕು. ಉಕ್ಕಾದ್ದರಿಂದ ಬಾಗುತ್ತದೆ. ನಡುವೆ ಉದ್ದನೆಯ ಬೋಲ್ಟಿಟ್ಟು ನಟ್ಟು ತಿರುಗಿಸುತ್ತ ಹೋದೆ. "ಇವತ್ತಿಗೆ ಸಾಕು ನಿಲ್ಸು, ನಾಳೆ ಮಿಕ್ಕಿದ್ದು" ಅಂದರು ಗೋವಿಂದಣ್ಣ. ನನಗೆ ನಾಳೆಯ ತನಕ ಕಾಯಲಾಗಲಿಲ್ಲ. ಇನ್ನೊಂದು ಸುತ್ತು, ಇನ್ನೊಂದು ಸುತ್ತು.

ಟಕ್ ಅಂತು. ಎರಡು ಕೊಳವೆಗಳ ನಡುವಿನ ಅಡ್ಡತುಂಡಿನ ಬೆಸುಗೆ ಬಿಟ್ಟಿತ್ತು. ಗಟ್ಟಿ ಇದ್ದದ್ದು ಅದೊಂದೇ ಆಗಿತ್ತು. ಅದನ್ನೂ ಮುರಿದೆ.

ಗಂಟೆ ಐದೂವರೆ. ಬರೆಯುತ್ತಿದ್ದೇನೆ. ಚಪ್ಪಲಿ ಬಾಗಿಲಲ್ಲೇ ಇದೆ.

27 ಫೆಬ್ರವರಿ

ಕುಡಿದೆ.

1 ಮಾರ್ಚ್, ಸೋಮವಾರ. ಎರಡನೆಯ ದಿನ

ಬುಧವಾರದಿಂದ ಶನಿವಾರದ ತನಕ ಕುಡಿದೆ. ಎಲ್ಲೆಲ್ಲಿದ್ದೆನೋ ಗೊತ್ತಿಲ್ಲ. ಬೋಗಾದಿ ರಸ್ತೆಯಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಮರಳಿನ ಗುಡ್ಡೆಯ ಮೇಲೆ ಎಚ್ಚರವಾದದ್ದು ಗೊತ್ತು. ಕೆಲಸಕ್ಕೆ ಬಂದ ಹೆಂಗಸೊಬ್ಬಳು ನನ್ನನ್ನು ಸುತ್ತಿಕೊಂಡು ಹೋಗಿ ಮರಳು ತುಂಬುತ್ತಿದ್ದಳು.

ಇನ್ನು ಏನು ಬರೆದರೂ ಸುಳ್ಳು. ಬೆಳಿಗ್ಗೆ ಆ ಫ್ರೇಮನ್ನಾದರೂ ತಂದು ಗುಜರಿಗೆ ಹಾಕೋಣವೆಂದು ಅಂಗಡಿಗೆ ಹೋದೆ. ಗೋವಿಂದಣ್ಣ ತಲೆಯೆತ್ತಿ ನೋಡಿದರು.

"ಕುಡುದ್ಯಾ?"

"ಹೂಂ."

"ಇವತ್ತು?"

"ಇಲ್ಲ."

"ಒಳಗ್ ಬಾ ಹಂಗಾದ್ರೆ. ಮೂರು ಚಕ್ರ ಬಿದ್ದವೆ."

ಹಾಗೇ ನಿಂತಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ತಮ್ಮ ಕುಡ್ದೇ ಹೋದ ಕಣಪ್ಪ. ಅವನಿಗೆ ಬುದ್ಧಿ ಹೇಳಿ ಹೇಳಿ ನನ್ನ ಬಾಯೇ ಸವೆದೋಯ್ತು. ಒಂದಿನಾನೂ ಒಂದು ಕೆಲಸ ಕೊಡ್ಲಿಲ್ಲ. ನಿನಗೆ ಬುದ್ಧಿ ಹೇಳಲ್ಲ. ಕೂತ್ಕೊ."

ಕೂತೆ. ಕೈ ಮತ್ತೆ ಮೊದಲಿನಂತೆ ನಡುಗುತ್ತಿತ್ತು. ಮೂರರಲ್ಲಿ ಒಂದು ಚಕ್ರ ಮುಗಿಸಿದೆ.

9 ಮಾರ್ಚ್, ಮಂಗಳವಾರ

ಗೋವಿಂದಣ್ಣನಿಗೆ ಗೊತ್ತಿದ್ದ ಗ್ಯಾಸ್ ವೆಲ್ಡಿಂಗ್‌ನವರ ಹತ್ತಿರ ಹೋಗಿ ಅಡ್ಡತುಂಡಿಗೆ ಹಿತ್ತಾಳೆ ಬೆಸುಗೆ ಹಾಕಿಸಿದೆ. ಆಮೇಲೆ ಮುಂದಿನಿಂದ ಹಿಂದಿನ ತನಕ ದಾರ ಕಟ್ಟಿ ಎರಡು ಕಡೆಯೂ ಸಮ ಇದೆಯೇ ಅಂತ ಅಳೆದೆ. ಎಡಗಡೆ ಒಂದು ಮಿಲಿಮೀಟರ್ ಹೊರಗಿತ್ತು. ನಾಲ್ಕು ದಿನ, ದಿನಕ್ಕೆ ಒಂದಿಷ್ಟೇ ಒತ್ತಿ ಸರಿಮಾಡಿದೆ. ಇವತ್ತು ಚಕ್ರ ತಾನಾಗಿ ಒಳಗೆ ಕೂತಿತು.

ಕೂತಿತು ಅಂತ ಹೇಳಲು ಮನೆಯಲ್ಲಿ ಯಾರೂ ಇಲ್ಲ. ಗೋಡೆಗೆ ಹೇಳಿದೆ.

19 ಮಾರ್ಚ್, ಶುಕ್ರವಾರ

ನಿನ್ನೆ ಯುಗಾದಿ. ಪಕ್ಕದ ಮನೆಯವರು ಬೇವುಬೆಲ್ಲ ತಂದುಕೊಟ್ಟರು. ಬಾಗಿಲಿಗೆ ತೋರಣ ಕಟ್ಟಲಿಲ್ಲ. ಕಟ್ಟಿದ್ದರೆ ಯಾರು ಒಳಗೆ ಬರುತ್ತಿದ್ದರು? ಧನು ಹುಟ್ಟಿದ ಮೇಲೆ ಅವಳಿಲ್ಲದ ಮೊದಲನೆಯ ಯುಗಾದಿ ಇದು. ಅವಳ ಹಳೆಯ ಲಂಗ ಒಂದು ಹಗ್ಗದ ಮೇಲೇ ಇದೆ, ಮೂರು ತಿಂಗಳಿಂದ. ತೆಗೆಯಲು ಹೋಗಿ ಬಿಟ್ಟೆ.

ಇವತ್ತು ಹಿಂದಿನ ಹಬ್ಬಿಗೆ ಗ್ರೀಸ್ ಹಾಕಿ ಹದಿನೆಂಟು ಗೋಲಿಯನ್ನೂ ಕೂರಿಸಿ ಮುಚ್ಚಿದೆ. ಗೋಲಿಗಳನ್ನು ಒತ್ತಿ ಹಿಡಿಯುವ ಕೋನು ಸ್ವಲ್ಪ ಬಿಗಿಯಾಯಿತು ಅನ್ನಿಸಿ, ಬಿಚ್ಚಿ ಮತ್ತೊಮ್ಮೆ ಕೂರಿಸಿದೆ. ತಿರುಗಿಸಿ ಬಿಟ್ಟರೆ ಬಹಳ ಹೊತ್ತು ಸದ್ದಿಲ್ಲದೆ ತಿರುಗುತ್ತದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಿತು.

3 ಏಪ್ರಿಲ್, ಶನಿವಾರ

ಪೆಡಲಿನ ಕಾಲು ಬಿಚ್ಚಲು ಎರಡು ದಿನ ಹಿಡಿಯಿತು. ಹಳೆಯ ಕಾಲದ ಪಿನ್ನು, ಒಳಗೇ ತುಕ್ಕಿಗೆ ಅಂಟಿಕೊಂಡಿತ್ತು. ಎಣ್ಣೆ ಬಿಟ್ಟು, ಕಾಯಿಸಿ, ಹೊಡೆದು, ಕೊನೆಗೆ ಕೊರೆದು ತೆಗೆದೆ. ಜರ್ಮನಿಯವನ ಪೆಡಲಿನ ಕಾಲಿಗೆ ಪಿನ್ನೇ ಇಲ್ಲ, ಚೌಕದ ಅಚ್ಚಿಗೆ ಬೋಲ್ಟು ಬಿಗಿದರೆ ಆಯಿತು. ಕೈಯಲ್ಲಿ ಹಿಡಿದರೆ ಮಗುವಿನ ಆಟದ ಸಾಮಾನಿನಷ್ಟು ಹಗುರ.

ಶಿವಕುಮಾರ್ ಭಾವ ಇವತ್ತು ಅಂಗಡಿಯ ಮುಂದೆ ಬೈಕಿನಲ್ಲಿ ಹೋದರು. ನೋಡಿದರು. ನಿಲ್ಲಿಸಲಿಲ್ಲ.

12 ಏಪ್ರಿಲ್, ಸೋಮವಾರ

ಬ್ರೇಕು ಕೂರುತ್ತಿಲ್ಲ. ಹೊಸ ರಿಮ್ಮು ಹಳೆಯದಕ್ಕಿಂತ ಚಿಕ್ಕದು. ಬ್ರೇಕಿನ ರಬ್ಬರು ರಿಮ್ಮಿಗೆ ತಾಗಬೇಕಾದಲ್ಲಿ ಟೈರಿಗೆ ತಾಗುತ್ತದೆ. ಬರೀ ನಾಲ್ಕು ಮಿಲಿಮೀಟರ್. ಇಡೀ ಸೈಕಲ್ ಸಿದ್ಧವಾಗಿ ನಾಲ್ಕು ಮಿಲಿಮೀಟರಿಗೆ ನಿಂತಿದೆ. ಬ್ರೇಕನ್ನು ಅಷ್ಟು ಕೆಳಗೆ ಇಳಿಸಿ ಕೂರಿಸುವ ಎರಡು ಉಕ್ಕಿನ ತುಂಡು ಬೇಕು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಮಾಡಬೇಕು. ಮಾಡಲು ಲೇತು ಬೇಕು.

ಒಂದು ವಾರ ಯೋಚಿಸಿ ಇವತ್ತು ಚಿಕ್ಕಬಸವಯ್ಯನವರ ಮುಂದೆ ಹೋಗಿ ನಿಂತೆ. "ಒಂದು ಗಂಟೆ ಲೇತ್ ಕೊಡಿ ಸಾರ್. ಕೂಲಿ ಬೇಡ, ಏನೂ ಬೇಡ." ಅವರು ನನ್ನ ಮುಖದ ಹತ್ತಿರ ಬಂದು ಉಸಿರು ನೋಡಿದರು. ನಾಚಿಕೆಯಾಯಿತು. ಆಮೇಲೆ ನನ್ನ ಹಳೆಯ ಮಷೀನಿನ ಕಡೆ ಕೈ ತೋರಿಸಿದರು.

ತುಂಡು ಚೆನ್ನಾಗಿ ಬಂತು. ಅವರು ಪಕ್ಕದಲ್ಲೇ ನಿಂತಿದ್ದರಂತೆ, ನಾನು ನೋಡಿರಲಿಲ್ಲ. ಹೊರಡುವಾಗ, "ಅಲ್ಲಿ ಒಂದು ಡಜನ್ ಬುಶ್ ಇದಾವೆ, ಅವನ್ನೂ ಮಾಡಿಟ್ಟು ಹೋಗಿ" ಅಂದರು. ಮಾಡಿಟ್ಟು ಬಂದೆ. ತುಂಡಿನ ಅಂಚನ್ನು ಇನ್ನೂ ಸ್ವಲ್ಪ ಅರದಿಂದ ಉಜ್ಜಬೇಕು.

2 ಮೇ, ಭಾನುವಾರ

ಚಿಕ್ಕಬಸವಯ್ಯನವರು ಮತ್ತೆ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ವಾರವೆಲ್ಲ ವರ್ಕ್‌ಶಾಪಿನಲ್ಲಿ ಕೆಲಸ ಜಾಸ್ತಿ, ಬರೆಯಲಾಗಲಿಲ್ಲ. ಇವತ್ತು ಮೊದಲ ಸಲ ಬೆಟ್ಟಕ್ಕೆ ತೆಗೆದುಕೊಂಡು ಹೋದೆ. ಸಂಜೆ ನಾಲ್ಕು ಗಂಟೆಗೆ ಹೊರಟೆ. ಹತ್ತುವಾಗ ಮೂರು ಕಡೆ ಇಳಿದೆ, ಎದೆ ಒಡೆದುಹೋಗುತ್ತದೆ ಅನ್ನಿಸಿತು. ಗೇರು ಮಾತ್ರ ಒಂದು ಸಲವೂ ತಪ್ಪಲಿಲ್ಲ. ಮೇಲೆ ತಲುಪಿ ಕಟ್ಟೆಯ ಮೇಲೆ ಕೂತು, ಗೇರಿನ ತಂತಿ ಸ್ವಲ್ಪ ಸಡಿಲಿಸಿದೆ. ಕೆಳಗೆ ನೋಡಿದರೆ ಊರಿನಲ್ಲಿ ದೀಪ ಹತ್ತಿದ್ದವು.

ಇಳಿಯುವಾಗ ತಿರುವುಗಳಲ್ಲಿ ಬ್ರೇಕು ಎರಡೇ ಬೆರಳಿಗೆ ನಿಂತಿತು. ಖುಷಿಯಾಗಬೇಕಿತ್ತು. ಬೆಟ್ಟದ ಬುಡದಲ್ಲಿ ಸೈಕಲ್ ಮರಕ್ಕೆ ಒರಗಿಸಿ ಅತ್ತೆ. ಡಿಸೆಂಬರಿನಲ್ಲಿ ಸ್ಕೂಟರಿನ ಬ್ರೇಕೂ ಚೆನ್ನಾಗೇ ಇತ್ತು. ಹಿಡಿಯುವವನು ಇರಲಿಲ್ಲ.

23 ಮೇ, ಭಾನುವಾರ

ಹೋಗಿದ್ದೆ. ಫ್ರೇಮಿಗೆ ನೀಲಿ ಬಣ್ಣ ಹೊಡೆದು, ಹ್ಯಾಂಡಲಿಗೆ ಹೊಸ ಪಟ್ಟಿ ಸುತ್ತಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಮಂಗಳಾ ಗೇಟಿನ ತನಕ ಬಂದಳು. ಬಡವಾಗಿದ್ದಾಳೆ. ನಾನು ಗೇರು, ರಿಮ್ಮು, ಬೆಸುಗೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಕೊನೆಯ ತನಕ ಕೇಳಿಸಿಕೊಂಡಳು.

"ಸೈಕಲ್ ನೋಡಿ ಯಾರಾದ್ರೂ ವಾಪಸ್ ಬರ್ತಾರೇನ್ರೀ?" ಅಂದಳು.

"ನಾನು ಬಿಟ್ಟಿದ್ದೀನಿ ಮಂಗಳಾ."

"ಎಷ್ಟು ದಿನ ಆಯ್ತು?"

ಹೇಳಲು ಹೋದೆ. ನಿಜವಾಗಿಯೂ ತಕ್ಷಣ ಗೊತ್ತಾಗಲಿಲ್ಲ. ದಿನ ಎಣಿಸಿ ಬರೆಯುವುದನ್ನು ಮಾರ್ಚಿನಲ್ಲೇ ಬಿಟ್ಟಿದ್ದೆ. ಫೆಬ್ರವರಿ ಕೊನೆಯಿಂದ ಬೆರಳು ಮಡಿಚಿ ಲೆಕ್ಕ ಹಾಕತೊಡಗಿದೆ. ಅವಳಿಗೆ ಅದು ತಡವರಿಕೆಯಂತೆ ಕಂಡಿರಬೇಕು.

"ವರ್ಗದ ಆರ್ಡರ್ ಬಂದಿದೆ. ಗುರುವಾರ ಮನೆ ಸಾಮಾನು ಸಾಗಿಸ್ತಾ ಇದ್ದೀವಿ. ಧನು ಈಗಲೂ ಸ್ಕೂಟರ್ ಸದ್ದು ಕೇಳಿದ್ರೆ ಕಿವಿ ಮುಚ್ಕೋತಾಳೆ. ನಾನು ಏನೂ ಮಾಡೋಕಾಗಲ್ಲ. ಹೋಗಿ."

ವಾಪಸ್ ಬರುವ ದಾರಿಯಲ್ಲಿ ಬ್ರಾಂದಿ ಅಂಗಡಿಯ ಮುಂದೆ ಕಾಲು ತಾನಾಗಿ ನೆಲಕ್ಕೆ ಬಂತು. ನಾಲ್ಕು ತಿಂಗಳ ಕೆಲಸ ಒಂದು ಮಾತಿಗೆ ಮುಗಿದುಹೋಗಿತ್ತು. ಯಾರಿಗೋಸ್ಕರ ಇನ್ನು? ಈ ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲ, ಬೀಗ ಇಲ್ಲ. ಎಲ್ಲಿ ಒರಗಿಸಲಿ ಅಂತ ಸುತ್ತ ನೋಡಿದೆ. ಗೋಡೆಯ ಹತ್ತಿರ ಜನ ಉಚ್ಚೆ ಹೊಯ್ಯುತ್ತಿದ್ದರು. ಕಂಬಕ್ಕೆ ಒರಗಿಸಿದರೆ ಯಾರಾದರೂ ತೆಗೆದುಕೊಂಡು ಹೋಗುತ್ತಾರೆ. ಹಾಗೆ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದೆ. ಆಮೇಲೆ ಮನೆಗೆ ಬಂದು ಚೈನು ಒರೆಸಿದೆ.

ಸಾಯುವುದು ಅಂದರೆ ಹೇಗಿರುತ್ತದೋ ಗೊತ್ತಿಲ್ಲ. ಇವತ್ತಿನ ಸಂಜೆಗಿಂತ ಕಷ್ಟ ಇರಲಾರದು.

26 ಮೇ, ಬುಧವಾರ

ವರ್ಕ್‌ಶಾಪಿನಿಂದ ಗೋವಿಂದಣ್ಣನ ಅಂಗಡಿಗೆ ಹೋದಾಗ ಮಂಗಳಾ ಅಲ್ಲಿ ಮುರುಕಲು ಸ್ಟೂಲಿನ ಮೇಲೆ ಕೂತಿದ್ದಳು. ಗೋವಿಂದಣ್ಣ ಟೀ ಹೇಳುವ ನೆಪದಲ್ಲಿ ಎದ್ದುಹೋದರು.

"ಭಾನುವಾರ ಅಣ್ಣ ನಿಮ್ಮ ಹಿಂದೇನೇ ಬಂದಿದ್ದ," ಅಂದಳು. "ಬ್ರಾಂದಿ ಅಂಗಡಿ ಮುಂದೆ ನಿಂತಿದ್ರಂತೆ."

"ನಿಂತಿದ್ದೆ."

"ಅರ್ಧ ಗಂಟೆ ನೋಡಿದೆ ಅಂದ. ಒಳಗೆ ಯಾಕೆ ಹೋಗಲಿಲ್ಲ?"

ದೊಡ್ಡ ಕಾರಣ ಏನಾದರೂ ಹೇಳಬೇಕು ಅನ್ನಿಸಿತು. ಇರಲಿಲ್ಲ. "ಸೈಕಲ್ ಬಿಟ್ಟುಹೋಗೋಕೆ ಜಾಗ ಇರಲಿಲ್ಲ" ಅಂದೆ.

ಅವಳ ತುಟಿಯಂಚು ಅಲುಗಿತು. ನಗುವೋ ಅಳುವೋ ಗೊತ್ತಾಗಲಿಲ್ಲ. ಬಹಳ ಹೊತ್ತು ಆ ನೀಲಿ ಫ್ರೇಮನ್ನೇ ನೋಡುತ್ತಿದ್ದಳು.

"ನಾನು ನಂಜನಗೂಡಿಗೆ ಹೋಗೇ ಹೋಗ್ತೀನಿ. ಅದರಲ್ಲಿ ಬದಲಿಲ್ಲ. ಜೂನ್ ಹದಿಮೂರಕ್ಕೆ ಒಂದ್ಸಲ ಬನ್ನಿ. ಬಸ್ಸಲ್ಲಿ ಬರಬೇಡಿ, ಇದರಲ್ಲೇ ಬನ್ನಿ."

"ಇದರಲ್ಲಾ? ಇಪ್ಪತ್ತೈದು ಕಿಲೋಮೀಟರಿಗೂ ಜಾಸ್ತಿ ಆಗ್ತದೆ."

"ಗೊತ್ತು. ಕುಡಿದೋರು ಅಷ್ಟು ದೂರ ತುಳಿಯೋಕಾಗಲ್ಲ. ನಾನು ನಿಮ್ಮ ಬಾಯಿ ಮೂಸಿ ನೋಡೋದು ಬೇಡ, ನೀವು ಆಣೆ ಹಾಕೋದೂ ಬೇಡ. ಸೈಕಲ್ಲಲ್ಲಿ ಬಂದ್ರೆ ಬಾಗಿಲು ತೆಗಿತೀನಿ."

13 ಜೂನ್, ಭಾನುವಾರ

ಬೆಳಿಗ್ಗೆ ಐದೂವರೆಗೆ ಹೊರಟೆ. ಬಂಡಿಪಾಳ್ಯ ದಾಟಿದ ಮೇಲೆ ಎದುರುಗಾಳಿ ಶುರುವಾಯಿತು. ಕಡಕೊಳದ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ರಸ್ತೆ ಬದಿಯಲ್ಲಿ ಕೂತು ತೇಪೆ ಹಾಕುವಾಗ ಸೋನೆ ಮಳೆ. ಇವತ್ತೇ ಹೀಗಾಗಬೇಕಿತ್ತೇ, ತಡವಾದರೆ ಅವಳು ಏನಂದುಕೊಳ್ಳುತ್ತಾಳೆ ಅಂದುಕೊಳ್ಳುತ್ತಲೇ ಗಾಳಿ ತುಂಬಿದೆ. ಮತ್ತೆ ತುಳಿದೆ. ಸೇತುವೆ ಬರುವ ಹೊತ್ತಿಗೆ ತೊಡೆ ಮರಗಟ್ಟಿತ್ತು.

ಮಂಗಳಾ ಬಾಗಿಲು ತೆಗೆದಳು. ತಲೆಯಿಂದ ಕಾಲಿನ ತನಕ ಕೆಸರಾಗಿ ಏದುಸಿರು ಬಿಡುತ್ತ ನಿಂತಿದ್ದ ನನ್ನನ್ನು ನೋಡಿ, ಟವೆಲ್ ಕೊಟ್ಟಳು. ಆಮೇಲೆ ಒಂದು ಚೊಂಬು ನೀರು. ಆಮೇಲೆ ಇಡ್ಲಿ. ಒಂದೇ ಕೋಣೆಯ ಬಾಡಿಗೆ ಮನೆ, ಹಿಂದೆ ಅಡಿಗೆಮನೆ. ಮನೆಯ ಓನರಮ್ಮ ಪುಟ್ಟತಾಯಮ್ಮ ಮುಂದಿನ ಭಾಗದಲ್ಲಿದ್ದಾರೆ. ಶಾಲೆಯ ವಿಷಯ ಮಾತಾಡಿದೆವು. ಹಳೆಯದನ್ನು ಇಬ್ಬರೂ ಎತ್ತಲಿಲ್ಲ.

ಧನು ಅಡಿಗೆಮನೆಯಿಂದ ಆಚೆ ಬರಲೇ ಇಲ್ಲ. ಎರಡು ಗಂಟೆ ಕೂತಿದ್ದೆ. ಅವಳ ಕಾಲ್ಗೆಜ್ಜೆ ಮಾತ್ರ ಕೇಳುತ್ತಿತ್ತು. "ಬಲವಂತ ಮಾಡೋದು ಬೇಡ" ಅಂದಳು ಮಂಗಳಾ. ನಾನೂ ಬೇಡ ಅಂದೆ.

ಹೊರಗೆ ಬಂದು ಸೈಕಲ್ ತಿರುಗಿಸುತ್ತಿದ್ದಾಗ ಧನು ಬಾಗಿಲಿಗೆ ಬಂದು ನಿಂತಳು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ಎತ್ತರವಾಗಿದ್ದಾಳೆ.

"ಅಪ್ಪಾಜಿ, ಇದರಲ್ಲಿ ಬೀಳಲ್ವಾ?"

ಬೀಳಲ್ಲ ಅಂತ ಹೇಳಲು ಬಾಯಿ ತೆರೆದೆ. ಆ ಸಂಜೆ ಸ್ಕೂಟರ್ ಹತ್ತುವಾಗಲೂ ಅದನ್ನೇ ಹೇಳಿದ್ದೆ.

"ಬೀಳಬಹುದು ಕಣಮ್ಮ. ನಿಧಾನಕ್ಕೆ ಹೋಗ್ತೀನಿ."

"ಹಂಗಾದ್ರೆ ಮನೆಗೆ ಹೋಗಿ ಪುಟ್ಟತಾಯಮ್ಮನವರ ಫೋನಿಗೆ ಫೋನ್ ಮಾಡಿ."

ನಂಬರು ಅವಳೇ ಹೇಳಿದಳು, ಎರಡು ಸಲ. ನಾನು ಅಂಗೈ ಮೇಲೆ ಬರೆದುಕೊಂಡೆ.

ಗಾಳಿ ಈಗ ಹಿಂದಿನಿಂದಿತ್ತು. ಆದರೂ ಒಂದು ಕಡೆಯೂ ಜೋರಾಗಿ ತುಳಿಯಲಿಲ್ಲ. ಸೈಕಲ್ ಮನೆಯಲ್ಲಿಟ್ಟು ಬಂದು ಕುಂಬಾರಕೊಪ್ಪಲಿನ ಎಸ್‌ಟಿಡಿ ಬೂತಿನಲ್ಲಿ ನಿಂತಾಗ ಮೂರು ಗಂಟೆ. ಅಂಗೈಯ ಬೆವರಿಗೆ ಕೊನೆಯ ಅಂಕಿ ಅಳಿಸಿತ್ತು, ನೆನಪಿನಿಂದ ಒತ್ತಿದೆ. ಪುಟ್ಟತಾಯಮ್ಮನವರು ಎತ್ತಿದರು.

"ಅವರಪ್ಪನಾ? ಊಟಕ್ ಕರೆದ್ರೂ ಏಳದೆ ಫೋನ್ ಪಕ್ಕದಲ್ಲೇ ಕೂತದೆ ಕಣ್ರೀ ಈ ಮಗು. ಕೊಡ್ತೀನಿ ಇರಿ."

ಅತ್ತಕಡೆ ಫೋನು ಕೈ ಬದಲಾದ ಸದ್ದು. ಆಮೇಲೆ ಉಸಿರು.

"ಮನೆ ಸೇರಿದ್ರಾ?"

"ಸೇರಿದೆ ಕಣಮ್ಮ."

"ಸರಿ," ಅಂದಳು. "ನಾನು ಊಟ ಮಾಡ್ತೀನಿ."